ಸೇಸಪ್ಪಣ್ಣನ ಇಪ್ಪತ್ತು ನಿಮಿಷ

ಕಾಲೇಜಿನಲ್ಲಿ ಮೂರು ವರ್ಷ ಫುಟ್‌ಬಾಲ್ ತಂಡದ ಹಿಂದೆ ಅಲೆದರೂ ಸೇಸಪ್ಪನಿಗೆ ಮೈದಾನಕ್ಕಿಳಿಯುವ ಯೋಗ ಬರಲಿಲ್ಲ. ಬಂದದ್ದು ಸ್ಕೋರು ಬರೆಯುವ ಕೆಲಸ. ಈಗ ವಯಸ್ಸು ಐವತ್ತೆರಡು, ಕುವೈತಿನ ಶುಐಬಾದ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್. ಅದೇ ಕಾಲೇಜಿನ ಹಳೆ ವಿದ್ಯಾರ್ಥಿಗಳು ಇಲ್ಲಿ ತಂಡ ಕಟ್ಟಿ ಶುಕ್ರವಾರದ ಲೀಗ್ ಆಡುತ್ತಾರೆ. ಸ್ಕೋರು ಬರೆಯುವವನು? ಮತ್ಯಾರು, ಇವನೇ!

ಈ ಸಲ ಕ್ಯಾಪ್ಟನ್ ಶೈಲೇಶನ ತಲೆ ಕೆಟ್ಟುಹೋಗಿತ್ತು. ಹತ್ತು ಪಂದ್ಯಗಳಲ್ಲಿ ಬಿಟ್ಟುಕೊಟ್ಟ ಗೋಲು ಎರಡು ವರ್ಷದ ಕೆಳಗೆ ಒಂಬತ್ತು, ಹೋದ ವರ್ಷ ಹನ್ನೊಂದು, ಈ ವರ್ಷ ಇಪ್ಪತ್ತೊಂದು. ಡಿಫೆಂಡರ್ ಜೋಕಿಮ್‌ಗೆ ವಯಸ್ಸಾಯಿತು, ತೆಗೆದುಬಿಡೋಣ ಎಂದು ಸಮಿತಿಯಲ್ಲಿ ಗುಸುಗುಸು ಶುರುವಾಯಿತು. ಆಸ್ಪತ್ರೆಯ ಕೆಲಸದಲ್ಲಿ ವಾರವಿಡೀ ಹೈರಾಣಾಗುವ ಜೋಕಿಮ್‌ಗೆ ಇದ್ದ ಒಂದೇ ಖುಷಿ ಆ ಆಟ. ಮೂರೂ ವರ್ಷದ ಅಂಕಿಅಂಶ ಹೋಲಿಸಿ ತರುವ ಕೆಲಸ ಸೇಸಪ್ಪನ ತಲೆಗೆ ಬಿತ್ತು.

ಮೈದಾನ್ ಹವಲ್ಲಿ ಬಡಾವಣೆಯ ತನ್ನ ಫ್ಲ್ಯಾಟಿನಲ್ಲಿ ಕೂತು ಅವನು ಗೋಲುಗಳನ್ನು ನಿಮಿಷದ ಪ್ರಕಾರ ವಿಂಗಡಿಸಿದ. ಅರುವತ್ತು ನಿಮಿಷದ ಆಟ. ಇಪ್ಪತ್ತೊಂದರಲ್ಲಿ ಹದಿನಾಲ್ಕು ಗೋಲು ಮೊದಲ ಇಪ್ಪತ್ತು ನಿಮಿಷದಲ್ಲೇ ಬಿದ್ದಿದ್ದವು. ಉಳಿದ ನಲವತ್ತಕ್ಕೆ ಏಳೇ ಏಳು, ಹಿಂದಿನ ವರ್ಷಗಳಲ್ಲಿ ಆ ನಲವತ್ತು ನಿಮಿಷಕ್ಕೆ ಬಿದ್ದದ್ದರ ಆಸುಪಾಸು.

ಪೆನ್ನು ಅಲ್ಲೇ ನಿಂತಿತು. ಈ ವರ್ಷ ಮೈದಾನ ಸಿಕ್ಕಿದ್ದು ಹೋದ ವರ್ಷಕ್ಕಿಂತ ಒಂದು ಗಂಟೆ ಮುಂಚೆ. ಭಾನುವಾರ ಎಲ್ಲರಿಗೂ ಡ್ಯೂಟಿಯಾದ್ದರಿಂದ ಇಲ್ಲಿ ಚರ್ಚಿನ ಭಾನುವಾರದ ಪೂಜೆ ಶುಕ್ರವಾರವೇ. ಜೋಕಿಮ್ ಅಹ್ಮದಿಯ ಇಗರ್ಜಿಯಲ್ಲಿ ಪೂಜೆ ಮುಗಿಸಿ ಓಡಿಬರುವಾಗ ಆಟಕ್ಕೆ ಇಪ್ಪತ್ತು ನಿಮಿಷ ಆಗಿರುತ್ತಿತ್ತು. ಪಟ್ಟಿಯಲ್ಲಿ ಮಾತ್ರ ಮೊದಲಿನಿಂದಲೂ ಅವನದೇ ಹೆಸರು. ಅಷ್ಟು ಹೊತ್ತು ಜನ ಭರ್ತಿಗೆ ಆ ಜಾಗದಲ್ಲಿ ನಿಲ್ಲುತ್ತಿದ್ದದ್ದು ಸಾಕ್ಷಾತ್ ಸೇಸಪ್ಪ. ಆಗ ಸ್ಕೋರು ಪುಸ್ತಕ ಹೆಂಡತಿ ಅಪ್ಪಿಯ ಕೈಯಲ್ಲಿ. ಅವನು ನಿಲ್ಲುವುದು ಎಲ್ಲರಿಗೂ ಗೊತ್ತಿತ್ತು, ಗೋಲು ಯಾವಾಗ ಬಿತ್ತೆಂದು ಕೂಡಿಸಿ ನೋಡಿದವರಿರಲಿಲ್ಲ.

"ಈ ಹದಿನಾಲ್ಕು ನನ್ನವು ಮಾರಾಯ್ತಿ," ಎಂದ.

"ನಾನೇ ಬರೆದದ್ದಲ್ವಾ, ನನಗೆ ಗೊತ್ತಿಲ್ವಾ?" ಎಂದಳು ಅಪ್ಪಿ, ಸೊಪ್ಪು ಬಿಡಿಸುತ್ತಲೇ.

ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂಕಟವಾಯಿತು. ಹೇಳಿದರೆ ಮೂವತ್ತು ವರ್ಷ ಕಾದು ಸಿಕ್ಕಿದ ಇಪ್ಪತ್ತು ನಿಮಿಷ ಖಲಾಸ್. ಹೇಳದಿದ್ದರೆ ಜೋಕಿಮ್ ಮನೆಗೆ. ಆ ಪುಣ್ಯಾತ್ಮನೋ, ತನ್ನ ಬದಲಿಗೆ ಸೇಸಪ್ಪನನ್ನು ತಾನೇ ಕೇಳಿಕೊಂಡು ನಿಲ್ಲಿಸಿದ್ದೆಂಬ ದಾಕ್ಷಿಣ್ಯಕ್ಕೆ ಬಾಯಿ ಬಿಟ್ಟಿರಲಿಲ್ಲ.

ಸಮಿತಿಯ ಮುಂದೆ ಅವನು ಅಂಕಿಗಳನ್ನೆಲ್ಲ ಓದಿದ. ಆ ಇಪ್ಪತ್ತು ನಿಮಿಷ ಯಾರು ನಿಂತಿದ್ದರೆಂದೂ ಓದಿದ. ಶೈಲೇಶ ತಲೆ ಕೆರೆದುಕೊಂಡ.

"ಹಾಗಾದ್ರೆ ಯಾರನ್ನು ತೆಗೆಯುವುದು ಸೇಸಪ್ಪಣ್ಣ?"

"ನನ್ನನ್ನೇ ತೆಗೀರಿ ಮಾರ್ರೆ."

ಜೋಕಿಮ್ ಪೂಜೆಯನ್ನು ಶನಿವಾರ ಸಂಜೆಗೆ ಬದಲಾಯಿಸಿಕೊಂಡ. ಮುಂದಿನ ಪಂದ್ಯದಲ್ಲಿ ಮೊದಲ ಇಪ್ಪತ್ತು ನಿಮಿಷ ಎದುರಾಳಿಗೆ ಒಂದೂ ಗೋಲು ದಕ್ಕಲಿಲ್ಲ. ಗೆರೆಯಾಚೆ ಕೂತ ಸೇಸಪ್ಪ ಸೊನ್ನೆ ಬರೆದು ಮನಸಾರೆ ಚಪ್ಪಾಳೆ ತಟ್ಟಿದ. ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ.