ಬೆಲ್ಲದ ಬೆರಳು

ನಮ್ಮವ್ವನಿಗೆ ಡಾಕ್ಟರಿಗಿಂತ ಶುಗರ್ ಮಿಷಿನ್ನಿನ ಮೇಲೆ ನಂಬಿಕೆ ಹೆಚ್ಚಿತ್ತು. ಮುಧೋಳದ ಔಷಧಿ ಅಂಗಡಿಯವನು ಕೊಡುವಾಗಲೇ ಎಚ್ಚರಿಸಿದ್ದ: "ಹತ್ತಿಪ್ಪತ್ತು ಹಿಂದಮುಂದ ತೋರಸ್ತೈತ್ರಿ, ಗಾಬರಿ ಆಗಬ್ಯಾಡ್ರಿ." ಆ ಹತ್ತಿಪ್ಪತ್ತನ್ನು ನೆನಪಿಟ್ಟುಕೊಂಡು ನಾನು ನಿಶ್ಚಿಂತಳಾಗಿದ್ದೆ. ಅವ್ವ ಅಷ್ಟನ್ನೂ ಒಪ್ಪುತ್ತಿರಲಿಲ್ಲ.

ಹೋದ ವರ್ಷ ಹೋಳಿ ಹುಣ್ಣಿಮೆಯ ದಿನ ಗಾಣದಿಂದ ತಂದ ಬೆಲ್ಲದ ಪೆಂಟಿ ಒಡೆದು, ಹೋಳಿಗೆಯ ಹೂರಣ ಮಾಡಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ಊಟಕ್ಕೆ ಮುಂಚೆ ಬೆರಳು ಚುಚ್ಚಿಕೊಂಡಳು. ನಾನೂರ ಹನ್ನೆರಡು! ಡಾಕ್ಟರು ಹೇಳಿಕೊಟ್ಟಂತೆ ಆ ಅಂಕಿಗೆ ತಕ್ಕಷ್ಟು ಇನ್ಸುಲಿನ್ ತಾನೇ ಚುಚ್ಚಿಕೊಂಡು, ತಾಟು ದೂಡಿದಳು.

"ಇಷ್ಟ್ ಶುಗರ್ ಇಟಗೊಂಡು ಹೋಳಗಿ ಹ್ಯಾಂಗ ತಿನ್ನಲಿ ಬೇ?"

"ಮುಂಜಾನಿ ಛಲೋ ಇತ್ತಲ್ಲ ಯವ್ವಾ?"

"ಮಿಷಿನ್ ಸುಳ್ಳು ಹೇಳತೈತೇನ?"

ನೀರಿನ ತಂಬಿಗೆ ಕೊಡುವಾಗ ಅವಳ ಬೆರಳು ನನ್ನ ಬೆರಳಿಗೆ ಅಂಟಿತು. ಬೆಲ್ಲದ ಜಿಗುಟು ಹೋಗಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಊರಿಗೆಲ್ಲ ಬುದ್ಧಿ ಹೇಳುವ ಹೆಂಗಸು ಇವಳು! ಸಾಬೂನು ಹಚ್ಚಿ ಕೈ ತೊಳೆಸಿ ಮತ್ತೆ ಚುಚ್ಚಿದೆ. ನೂರ ಹದಿನೆಂಟು. ಇನ್ನೊಂದು ಬೆರಳಿಗೆ ನೂರ ಇಪ್ಪತ್ತಾರು. ಅಂಗಡಿಯವನು ಹೇಳಿದ್ದ ಹಿಂದುಮುಂದು ಇದು. ಮೊದಲನೆಯದು ಅದಲ್ಲ. ಮಿಷಿನ್ನು ರಕ್ತದ ಜೊತೆ ಬೆರಳಿಗೆ ಮೆತ್ತಿದ್ದ ಬೆಲ್ಲವನ್ನೂ ಅಳೆದಿತ್ತು. ಆದರೆ ಒಳಗೆ ಹೋದ ಇನ್ಸುಲಿನ್ ವಾಪಸ್ ಬರುತ್ತದೆಯೇ?

ಉಣ್ಣದಿದ್ದರೆ ಶುಗರ್ ಪೂರಾ ಇಳಿದುಬಿಡುತ್ತದೆ, ಉಣ್ಣು ಎಂದು ಗೋಗರೆದೆ. "ಮದಲಿಂದು ಖರೇನೋ, ಈಗಿಂದು ಖರೇನೋ, ಯಾರಿಗ್ಗೊತ್ತು?" ಎಂದು ಬಾಯಿ ಬಿಗಿ ಹಿಡಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹಣೆ ಬೆವರಿತು, ಮಾತು ತೊದಲಿತು.

"ಮನ್ಯಾಗ ಯಾಕ ಕತ್ತಲಾತು?"

ಹೊರಗೆ ರಣಬಿಸಿಲಿತ್ತು. ಊಟಕ್ಕೆ ಬಂದಿದ್ದ ಅಣ್ಣ ಗಾಡಿ ತರಲು ಓಡಿದ. ನಾನು ಬೆಲ್ಲವನ್ನು ನೀರಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸಿದೆ. ಅವಳ ಗದ್ದ, ಕೈ, ಸೀರೆಯ ಮೇಲೆಲ್ಲ ಚೆಲ್ಲಿತು. ಅವಸರದಲ್ಲಿ ಹಾಗೆಯೇ ಬೆರಳು ಚುಚ್ಚಿದೆ. ನೂರ ಎಂಬತ್ತು.

ಅಷ್ಟರಲ್ಲಿ ಬಂದ ಅಣ್ಣ ಅಂಕಿ ನೋಡಿ ನಿರಾಳನಾದ. "ಏರೈತಿ ನೋಡು. ಇನ್ನ ದವಾಖಾನಿ ಯಾಕ?"

ಆ ಅಂಕಿಯನ್ನು ನಂಬಬೇಕೆಂದು ನನಗೆ ಎಷ್ಟು ಆಸೆಯಾಯಿತು! ಆದರೂ ತಂಬಿಗೆಯ ನೀರು ಸುರಿದು ಅವಳ ಕೈ ತೊಳೆದು ಒರೆಸಿ ಮತ್ತೆ ಚುಚ್ಚಿದೆ.

ನಲವತ್ತೊಂದು.

ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಮುಧೋಳ ಮುಟ್ಟುವಷ್ಟರಲ್ಲಿ ಅವ್ವನಿಗೆ ಎಚ್ಚರವಿರಲಿಲ್ಲ. ಗ್ಲುಕೋಸ್ ಸಲೈನ್ ಹಚ್ಚಿದರು, ಉಳಿದಳು. ಈಗ ದಿನಾ ಕೈ ತೊಳೆದುಕೊಂಡೇ ನನ್ನ ಮುಂದೆ ಬೆರಳು ಚಾಚುತ್ತಾಳೆ. ಅಂಕಿ ಛಲೋ ಬಂದ ದಿನವೇ, ಆ ನೂರ ಎಂಬತ್ತು ನೆನಪಾಗಿ, ನನಗೆ ಹೆಚ್ಚು ಭಯ.