ಓರೊಂಝೋನ ಖಂಜಿರ

ಊರಿನಲ್ಲಿ ಮದುವೆಯಿರಲಿ, ದ್ರಾಕ್ಷಿ ಕೊಯ್ಲು ಮುಗಿದ ಸಂತೋಷವಿರಲಿ, ಪಿಟ್ಸಿಕಾ ಎಂಬ ಜೋಡಿ ಕುಣಿತಕ್ಕೆ ಖಂಜಿರ ಬಾರಿಸಲು ಕ್ಷೌರಿಕ ಓರೊಂಝೋನೇ ಬೇಕು. ಅಂಗಡಿಯಲ್ಲಿ ಅವನು ಬಲು ನಿಧಾನಸ್ಥ. ಎಡಗೆನ್ನೆ ಮುಗಿಸುವಷ್ಟರಲ್ಲಿ ಬಲಗೆನ್ನೆಯ ನೊರೆ ಒಣಗಿರುತ್ತದೆ ಎಂದು ಗಿರಾಕಿಗಳು ನಗುತ್ತಾರೆ. ಆದರೆ ಹೆಂಡತಿ ಚೆಸಾರಿಯಾ ಕೆಂಪು ಕರವಸ್ತ್ರ ಬೀಸುತ್ತ ಕುಣಿಯಲು ಇಳಿದಳೆಂದರೆ ಅವನ ಕೈಗೆ ದೆವ್ವ ಹೊಕ್ಕಂತಾಗುತ್ತದೆ. ಜೊತೆಗೆ ಕುಣಿಯುವ ಗಂಡಸು ಆ ವಸ್ತ್ರವನ್ನು ಕಸಿದುಕೊಳ್ಳಬೇಕು, ಅವಳು ತಪ್ಪಿಸಿಕೊಳ್ಳಬೇಕು. ಆ ಕುಣಿತದ ಸೊಗಸೇ ಅದು. ವಸ್ತ್ರ ಇನ್ನೊಬ್ಬನ ಕೈಸೇರಿದರೆ ಅವಳ ಮನಸ್ಸೂ ಅದರೊಡನೆ ಹೋಗಿಬಿಟ್ಟೀತು ಎಂಬುದು ಓರೊಂಝೋನ ಅಂಜಿಕೆ. ಹಾಗಾಗಿ ಗಂಡಸಿನ ಬೆರಳು ವಸ್ತ್ರವನ್ನು ಸಮೀಪಿಸಿದಷ್ಟೂ ಅವನು ಲಯವನ್ನು ಏರಿಸುತ್ತಾನೆ. ರೊಟ್ಟಿ ಸುಡುವ ವೀತೋನಂಥ ಗಟ್ಟಿಗನೂ ಕಾಲು ಸೋತು ಬಾವಿಕಟ್ಟೆಯ ಮೇಲೆ ಕುಸಿಯುತ್ತಾನೆ. "ನೀನು ಬಾರಿಸೋದು ನಾವು ಕುಣಿಯೋಕೋ, ಸಾಯೋಕೋ ಮಾರಾಯ?" ಎಂದು ಅವನು ಏದುಸಿರು ಬಿಟ್ಟರೆ, "ಕಾಲಲ್ಲಿ ಕಸುವಿಲ್ಲದೋರು ಮನೇಲಿ ಹಿಟ್ಟು ನಾದಬೇಕಪ್ಪ" ಎಂಬುದು ಓರೊಂಝೋನ ಉತ್ತರ. ಮೂವತ್ತು ವರ್ಷಗಳಲ್ಲಿ ಅವನು ಹೆಂಡತಿಯೊಡನೆ ಒಮ್ಮೆಯೂ ಕುಣಿದವನಲ್ಲ. ಖಂಜಿರ ಕೆಳಗಿಟ್ಟರೆ ಕುಣಿತವೇ ನಿಲ್ಲುತ್ತದಲ್ಲ. ಪ್ರತಿ ಸಲವೂ ಹೆಬ್ಬೆರಳು ಒಡೆದು ರಕ್ತ ಸುರಿಯುತ್ತದೆ. ಮನೆಗೆ ಬಂದೊಡನೆ ಚೆಸಾರಿಯಾ, "ತಾ ಇಲ್ಲಿ ಕೈ. ಇವತ್ತು ಯಾರ ಮೇಲೆ ಸಿಟ್ಟು?" ಎನ್ನುತ್ತ ಸೊಂಟದಿಂದ ಕೆಂಪು ಕರವಸ್ತ್ರವನ್ನು ತೆಗೆದು ಬೆರಳಿಗೆ ಬಿಗಿಯಾಗಿ ಸುತ್ತುತ್ತಾಳೆ. "ವೀತೋನ ಕೈ ಇವತ್ತು ತೀರಾ ಹತ್ತಿರ ಬಂದಿತ್ತು" ಎಂದು ಓರೊಂಝೋ ಗೊಣಗುತ್ತಲೇ ಇರುತ್ತಾನೆ. ತನ್ನ ಬೆರಳಿಗೆ ಸುತ್ತಿರುವುದು ಯಾವ ವಸ್ತ್ರವೆಂದು ಅವನು ಇಂದಿಗೂ ನೋಡಿಲ್ಲ.