ಬಿಸಿಲಿಗೆ ಹೊದಿಸಿದ ಕಂಬಳಿ

ನನ್ನ ಭಾವನನ್ನು ಬೀದಿಯವರೆಲ್ಲ ‘ಬಿಸಿಲಣ್ಣ’ ಎಂದೇ ಕರೆಯುತ್ತಿದ್ದರು. ಮಾಳಿಗೆಗಳ ಮೇಲೆ ಸೋಲಾರ್ ಫಲಕ ಕೂರಿಸುವುದು ಅವರ ಕಸುಬು. ಬಾಯಿ ಬಿಟ್ಟರೆ ಅದೇ ಮಾತು. ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದುಹೋಗಿತ್ತು.

“ಗಾಜಿನ ಕೆಳಗೆ ಸಿಲಿಕಾನ್ ಬಿಲ್ಲೆ ಇರುತ್ತೆ, ಅದ್ರಲ್ಲಿ ಎರಡು ಪದರ,” ಎಂದು ಊಟಕ್ಕೆ ಕೂತಲ್ಲೇ ಶುರುಮಾಡುತ್ತಿದ್ದರು. “ಬೆಳಕು ಬಿದ್ರೆ ಎಲೆಕ್ಟ್ರಾನು ಜಾಗ ಬಿಟ್ಟು ಏಳುತ್ತೆ. ಪದರ ಸೇರೋ ಕಡೆ ಅದನ್ನ ಒಂದೇ ದಿಕ್ಕಿಗೆ ತಳ್ಳಿಬಿಡುತ್ತೆ, ಬಂದ ದಾರೀಲಿ ವಾಪಸ್ ಬಿಡಲ್ಲ. ಮನೆ ಸೇರಬೇಕಾದ್ರೆ ತಂತೀಲಿ ಸುತ್ತಿಕೊಂಡೇ ಬರಬೇಕು. ಆ ಓಡಾಟವೇ ಕರೆಂಟು.”

“ಲೇಟಾದಾಗ ನೀವು ಅಕ್ಕನ ಕಣ್ಣು ತಪ್ಪಿಸಿ ಹಿಂಬಾಗಿಲಿಂದ ಬರ್ತೀರಲ್ಲ, ಹಾಗೆ,” ಎಂದು ನಾನು ಕಾಲೆಳೆಯುತ್ತಿದ್ದೆ.

“ನಗು, ನಗು. ಒಂದೊಂದು ಬಿಲ್ಲೆ ಕೊಡೋದು ಚೂರೇ. ಸಾಲಾಗಿ ಸೇರಿಸಿದ್ರೆ ಆಳನ್ನೇ ಉರುಳಿಸುತ್ತೆ. ಕೆಳಗೆ ಎಷ್ಟು ಸ್ವಿಚ್ ಆರಿಸಿದ್ರೂ ಹಗಲಿರೋವರೆಗೆ, ಮೋಡ ಕವಿದ್ರೂ, ಮೇಲಿಂದ ಬರೋ ತಂತಿ ಸಾಯಲ್ಲ. ಸೂರ್ಯನಿಗೆ ಸ್ವಿಚ್ಚಿಲ್ಲ ಕಣೋ.”

ಆ ಮಾತು ನೆನೆದರೆ ನನಗೆ ಈಗಲೂ ಹೆದರಿಕೆ.

ಹೆದರಿಕೆ ಅವರಿಗೂ ಇತ್ತು. ಹಳೆಯ ಕಂಬಳಿಗಳನ್ನೆಲ್ಲ ಸೇರಿಸಿ ಅಕ್ಕನಿಂದ ಒಂದು ದೊಡ್ಡ ಹೊದಿಕೆ ಹೊಲಿಸಿಕೊಂಡಿದ್ದರು. ತಂತಿ ಮುಟ್ಟುವ ಮೊದಲು ಅದನ್ನು ಫಲಕಗಳ ಮೇಲೆ ಹೊದಿಸಿ “ಮಲಗಿಸಿ ಬಂದೆ” ಎನ್ನುತ್ತಿದ್ದರು. ಇದೆಲ್ಲ ಊರವರ ಮಾಳಿಗೆಗಳಲ್ಲಿ. ಮನೆಯಲ್ಲಿ ಅದರ ಅಗತ್ಯ ಬಿದ್ದಿರಲೇ ಇಲ್ಲ.

ಮನೆಯ ಕೆಳಗೆ ಅಕ್ಕನ ಲಾಂಡ್ರಿ. ಒಗೆಯುವ ಯಂತ್ರ, ಇಸ್ತ್ರಿ ಎಲ್ಲ ನಡೆಯುತ್ತಿದ್ದದ್ದು ಮಾಳಿಗೆಯ ಬಿಸಿಲಿನಿಂದಲೇ. ಬಟ್ಟೆ ಮಡಚುವವರು ಭಾವನ ತಾಯಿ. ಅತ್ತೆಯ ಕೈ ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ಟವೆಲ್ ಕುರ್ಚಿಯ ಮೇಲಿರಲಿ, ನನ್ನ ಹೆಗಲ ಮೇಲಿರಲಿ, ಎಳೆದು ಅಂಚಿಗೆ ಅಂಚು ಕೂಡಿಸಿ ಮಡಚಿಬಿಡುತ್ತಿದ್ದರು. “ಅತ್ತೆ, ಮೈ ಒರೆಸ್ಕೊಳ್ಳೋವರೆಗಾದ್ರೂ ಬಿಡಿ” ಎಂದು ಗೋಗರೆಯಬೇಕಾಗುತ್ತಿತ್ತು.

ಆ ಬೇಸಿಗೆಯಲ್ಲಿ ಮೆಟ್ಟಿಲ ಕೆಳಗೆ, ಇನ್ವರ್ಟರ್ ಹತ್ತಿರ, ಪ್ಲಾಸ್ಟಿಕ್ ಸುಟ್ಟ ವಾಸನೆ ಬರತೊಡಗಿತು. ಬಿಸಿಲೇರಿದಂತೆ ವಾಸನೆಯೂ ಏರುವುದು, ಸಂಜೆಗೆ ಮಾಯ. ಭಾವ ಮೂಸಿ ನೋಡಿದವರು ಅವತ್ತು ಊಟ ಅರ್ಧಕ್ಕೇ ಬಿಟ್ಟರು. “ಸ್ವಿಚ್‌ಗಿಂತ ಮೊದಲೇ ಎಲ್ಲೋ ಜಾಯಿಂಟ್ ಸಡಿಲ ಆಗಿದೆ. ಹೊತ್ತು ಮುಳುಗಲಿ, ಬಿಚ್ತೀನಿ,” ಎಂದರು ಎದ್ದ ಮೇಲೆ.

ಹೊತ್ತು ಮುಳುಗುವವರೆಗೆ ಅದು ಕಾಯಲಿಲ್ಲ. ಸೊಂಯ್ ಎಂದು ಸದ್ದಾಯಿತು, ಹೊಗೆ ಎದ್ದಿತು. ಪಕ್ಕದಲ್ಲೇ ಗಿರಾಕಿಗಳ ಬಟ್ಟೆಯ ರಾಶಿ. ಭಾವ ಹೊದಿಕೆ ಹೊತ್ತುಕೊಂಡು ಮಾಳಿಗೆಗೆ ಓಡಿದರು. ಸದ್ದು ನಿಂತಿತು.

“ಇನ್ನು ಸಂಜೆಗೆ ನೋಡಿದ್ರಾಯ್ತು ಬಿಡಿ,” ಎಂದಳು ಅಕ್ಕ.

“ಅಷ್ಟರಲ್ಲಿ ಗಾಳಿ ಬಂದು ಹೊದಿಕೆ ಹಾರಿದ್ರೆ? ಅಂಗಡಿ ಬೂದಿಯಾಗುತ್ತೆ. ನೀನು ಮೆಟ್ಟಿಲ ಹತ್ರ ನಿಲ್ಲು, ಯಾರನ್ನೂ ಮೇಲೆ ಬಿಡ್ಬೇಡ.”

ಅಕ್ಕ ನಿಂತಳು. ನಾನು ಟಾರ್ಚ್ ಹಿಡಿದೆ. ಅತ್ತೆ ಹಿಂದಿನ ಕೋಣೆಯಲ್ಲಿ ಮಲಗಿದ್ದರು. ಆ ಕೋಣೆಯ ಹೊರಗಿನಿಂದಲೂ ಮಾಳಿಗೆಗೆ ಕಬ್ಬಿಣದ ಮೆಟ್ಟಿಲಿತ್ತು. ಅದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ.

ಜಾಯಿಂಟ್ ಕರಗಿ ಅಂಟಿಕೊಂಡಿತ್ತು. ಬೆರಳಿಗೆ ಸಿಗುವುದಿಲ್ಲವೆಂದು ಭಾವ ಕೈಗವಸು ಕಳಚಿದರು. ತಂತಿಯ ಬರಿಯ ತುದಿಗಳು ಎರಡೂ ಕೈಗಳಲ್ಲಿದ್ದವು. ಆಗ ಮೇಲೆ ಏನೋ ಸರ್ರನೆ ಎಳೆದ ಸದ್ದಾಯಿತು. ಭಾವ ತಲೆಯೆತ್ತಿದರು. ಬಟ್ಟೆ ಎಳೆಯುವ ಆ ಕೈ ಯಾರದೆಂದು ಅವರಿಗೆ ಗೊತ್ತಿತ್ತು.

“ಅಮ್ಮಾ,” ಎಂದರು, ಅಷ್ಟೇ.

ಒಣ ಹಲಗೆಯಿಂದ ತಳ್ಳಿ ನಾನು ಅವರನ್ನು ತಂತಿಯಿಂದ ಬಿಡಿಸಿದೆ. ಅಕ್ಕ ಚೀರುತ್ತಿದ್ದಳು. ಮಾಳಿಗೆಯ ಮೇಲೆ ಇದ್ಯಾವುದೂ ಕೇಳಿಸದ, ಕಿವಿ ಮಂದವಾದ ಅತ್ತೆ, ಹೊದಿಕೆಯನ್ನು ಒಪ್ಪವಾಗಿ ಮಡಚಿ ತೋಳಿನ ಮೇಲಿಟ್ಟುಕೊಂಡು ಇಳಿದು ಬಂದರು. “ಬಿಸಿಲಲ್ಲಿ ಹೇಗೆ ಬಿಸಾಕಿದ್ರು ನೋಡು. ಇದನ್ನೆಲ್ಲಿಡ್ಲಿ?”

ಆಸ್ಪತ್ರೆಯಲ್ಲಿ ಭಾವನಿಗೆ ಒಮ್ಮೆ ಎಚ್ಚರವಾಯಿತು. ನನ್ನನ್ನು ಹತ್ತಿರ ಕರೆದರು. “ಅಮ್ಮಂಗೆ ಹೇಳ್ಬೇಡ. ಮೋಡ ಅಡ್ಡ ಇತ್ತು, ಸರಿದುಬಿಡ್ತು ಅನ್ನು.” ಅವತ್ತು ರಾತ್ರಿಯೇ ಅವರು ತೀರಿಕೊಂಡರು. ಮೋಡ ಕವಿದರೂ ಆ ತಂತಿ ಸಾಯುವುದಿಲ್ಲವೆಂದು ನನಗೆ ಕಲಿಸಿದವರೂ ಅವರೇ.

ಅತ್ತೆ ನಂಬಿದ್ದಾರೆ. ಇವತ್ತಿಗೂ ಬಟ್ಟೆ ಮಡಚುವಾಗ ಬಿಸಿಲು ಮರೆಯಾಗಿ ಮತ್ತೆ ಬಂದರೆ ಆಕಾಶಕ್ಕೆ ಮುಖವೆತ್ತಿ ಬೈಯುತ್ತಾರೆ: “ಹಾಳು ಮೋಡವೇ, ಇನ್ನೊಂದು ಗಳಿಗೆ ನಿಲ್ಲೋಕಾಗ್ಲಿಲ್ವಾ ನಿಂಗೆ?”

ಅಕ್ಕ ಇಸ್ತ್ರಿ ಆರಿಸಿ ಒಳಗೆ ಹೋಗುತ್ತಾಳೆ. ನಾನು ಹೂಂ ಎನ್ನುತ್ತೇನೆ.